ಕರ್ಮವನ್ನು ನಂಬುತ್ತೀರಾ? ನಂಬಿದರೆ ಯಾರ ಕರ್ಮವನ್ನು?

ಸಂಜೆಗಾಳಿ

ಎಲ್ಲರಿಗೂ ನಮಸ್ಕಾರ. ನಾನು ಕರ್ಮವನ್ನು ನಂಬುವವಳು. ಮನೆಯಲ್ಲಿ ಹೇಳಿಕೊಟ್ಟರು ಅಂತ ಮಾತ್ರ ಅಲ್ಲ, ದೊಡ್ಡವಳಾದ ಮೇಲೆ ಯೋಚನೆ ಮಾಡಿ ಉಳಿಸಿಕೊಂಡ ನಂಬಿಕೆ ಇದು.

ಮೇಲೆ ಯಾರೋ ಕೂತು ಲೆಕ್ಕ ಬರೆಯುತ್ತಾರೆ, ತಪ್ಪಿದರೆ ಬರೆ ಹಾಕುತ್ತಾರೆ ಅನ್ನುವ ಚಿತ್ರ ನನ್ನ ಮನಸ್ಸಿನಲ್ಲಿ ಇಲ್ಲ. ನಾವು ಮಾಡಿದ್ದು ನಮ್ಮನ್ನೇ ಬದಲಿಸುತ್ತದೆ ಅನ್ನುವುದು ನನ್ನ ನಂಬಿಕೆಯ ತಿರುಳು. ಒಂದು ಸುಳ್ಳು ಹೇಳಿದರೆ ಎರಡನೆಯದು ಸಲೀಸಾಗಿ ಬಾಯಿಗೆ ಬರುತ್ತದೆ. ಇವತ್ತು ಒಬ್ಬರ ಮೇಲೆ ಕೂಗಾಡಿದರೆ ನಾಳೆ ಇನ್ನೊಬ್ಬರ ಮೇಲೆ ಕೂಗಾಡಲು ಅಷ್ಟೊಂದು ಹಿಂಜರಿಕೆ ಇರುವುದಿಲ್ಲ. ಹಿರಿಯರು ಸಂಸ್ಕಾರ, ವಾಸನೆ ಅಂತ ಹೇಳುತ್ತಿದ್ದದ್ದು ಇದನ್ನೇ ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಯಾರೂ ತೆರೆದು ನೋಡದ ಕೆಲಸವನ್ನೂ ಪೂರ್ತಿ ಮಾಡುತ್ತೇನೆ. ಸಿಟ್ಟಿನಲ್ಲಿ ಬರೆದ ಮೆಸೇಜನ್ನು ರಾತ್ರಿ ಕಳಿಸುವುದಿಲ್ಲ, ಬೆಳಿಗ್ಗೆ ಓದಿ ಆಮೇಲೆ ತೀರ್ಮಾನ. ಎದುರಿಗೆ ಇಲ್ಲದವರ ಬಗ್ಗೆ ಮಾತು ಶುರುವಾದರೆ ಅದಕ್ಕೆ ನನ್ನದೊಂದು ಮಾತು ಸೇರಿಸುವುದಿಲ್ಲ. ಸಣ್ಣ ಸಣ್ಣ ವಿಷಯಗಳು, ನಿಜ. ಆದರೆ ನನ್ನ ದಿನಗಳು ನಿಂತಿರುವುದು ಇವುಗಳ ಮೇಲೆಯೇ.

ಈಗ ನನ್ನನ್ನು ಕಾಡುತ್ತಿರುವ ವಿಷಯ. ನನ್ನ ಗೆಳತಿಯ ಮಗುವಿಗೆ ಹುಟ್ಟಿದಾಗಿನಿಂದ ನರಗಳ ತೊಂದರೆ, ನಡೆಯಲು ಆಗುವುದಿಲ್ಲ. ಹತ್ತಿರದ ಸಂಬಂಧಿಕರೊಬ್ಬರು ಅವಳ ಎದುರಿಗೇ "ಯಾವ ಜನ್ಮದ ಕರ್ಮವೋ, ಅನುಭವಿಸಲೇಬೇಕು" ಅಂದುಬಿಟ್ಟರು. ಅವಳು ಆಗ ಏನೂ ಹೇಳಲಿಲ್ಲ. ಆಮೇಲೆ ನನ್ನನ್ನು ಕೇಳಿದಳು: "ನೀನೂ ಕರ್ಮ ನಂಬ್ತೀಯಲ್ವಾ? ನಿನಗೂ ಹಾಗೇ ಅನ್ನಿಸುತ್ತಾ?"

ನಿಮ್ಮನ್ನು ಕೇಳುತ್ತಿರುವುದು ಇಷ್ಟೇ. ನಾನು ನಂಬುವ ಕರ್ಮವೂ ಆ ಸಂಬಂಧಿಕರು ಹೇಳಿದ ಕರ್ಮವೂ ಒಂದೇನಾ? ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುತ್ತದಾ?

ನೇರನುಡಿ

ಸಂಜೆಗಾಳಿ ಅವರೇ, ನಾನು ಕರ್ಮವನ್ನು ನಂಬುವವನಲ್ಲ. ಆದರೂ ನಿಮ್ಮ ಪ್ರಶ್ನೆ ಪ್ರಾಮಾಣಿಕವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಸಂಬಂಧಿಕರ ಮಾತಿನ ಮೂಲ ಧರ್ಮಗ್ರಂಥದಲ್ಲಿ ಇಲ್ಲ, ಮನುಷ್ಯರ ಭಯದಲ್ಲಿ ಇದೆ. 1966ರಲ್ಲಿ ಮೆಲ್ವಿನ್ ಲರ್ನರ್, ಕ್ಯಾರೊಲಿನ್ ಸಿಮನ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಒಬ್ಬ ಹೆಂಗಸು ಪಾಠ ಕಲಿಯುತ್ತಾ ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಶಾಕ್ ತಿನ್ನುವ ದೃಶ್ಯವನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಅದು ನಟನೆ, ನೋಡುವವರಿಗೆ ಗೊತ್ತಿರಲಿಲ್ಲ. ಅವಳ ಶಿಕ್ಷೆಯನ್ನು ನಿಲ್ಲಿಸುವ ಅವಕಾಶ ಸಿಕ್ಕವರಲ್ಲಿ ಹೆಚ್ಚಿನವರು ನಿಲ್ಲಿಸಲು ಒಪ್ಪಿದರು. ಆದರೆ "ಇದು ಇನ್ನೂ ಮುಂದುವರಿಯುತ್ತದೆ, ನಾವೇನೂ ಮಾಡಲು ಆಗುವುದಿಲ್ಲ" ಅಂತ ತಿಳಿದವರು ನಿಧಾನಕ್ಕೆ ಅವಳನ್ನೇ ಕೀಳಾಗಿ ಕಾಣತೊಡಗಿದರು.

ಲೋಕ ನ್ಯಾಯವಾಗಿ ನಡೆಯುತ್ತಿದೆ ಅಂತ ನಂಬಿಕೊಂಡರೆ ಮಾತ್ರ ನಮಗೆ ರಾತ್ರಿ ನಿದ್ದೆ ಬರುತ್ತದೆ. ಒಬ್ಬರಿಗೆ ಕಾರಣವೇ ಇಲ್ಲದೆ ಕಷ್ಟ ಬಂದರೆ ನಾಳೆ ನಮಗೂ ಬರಬಹುದು. ಹಾಗಾಗಿ ಕಾರಣ ಹುಡುಕಿ ಅವರ ತಲೆಗೇ ಕಟ್ಟುತ್ತೇವೆ. ನಮ್ಮಲ್ಲಿ ಆ ಕಾರಣಕ್ಕೆ ಕರ್ಮ ಎಂಬ ಹೆಸರು ತಯಾರಾಗಿಯೇ ಇದೆ. ಹಾಗಾಗಿ ಅಪಾಯ ಜಾಸ್ತಿ.

ಹಳೆಪುಟ

ನೇರನುಡಿ ಅವರು ಹೇಳಿದ ಭಯ ನಿಜ. ಆದರೆ ಗ್ರಂಥದಲ್ಲಿ ಏನಿದೆ ಅಂತಲೂ ಒಮ್ಮೆ ನೋಡೋಣ. ಏಕೆಂದರೆ "ಎಲ್ಲಾ ಹಿಂದಿನ ಕರ್ಮ" ಅನ್ನುವವರು ಗ್ರಂಥದ ಹೆಸರನ್ನೇ ಹೇಳುತ್ತಾರೆ.

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಋಷಿಯ ಕಥೆ ಇದೆ. ಮೌನವ್ರತದಲ್ಲಿದ್ದವರು. ಕಳ್ಳರು ಕದ್ದ ಮಾಲನ್ನು ತಂದು ಅವರ ಆಶ್ರಮದಲ್ಲಿ ಅಡಗಿಸಿದರು. ರಾಜಭಟರು ಕೇಳಿದಾಗ ಇವರು ಬಾಯಿ ಬಿಡಲಿಲ್ಲ. ಕಳ್ಳರ ಜೊತೆ ಇವರನ್ನೂ ಶೂಲಕ್ಕೆ ಏರಿಸಿದರು. ಪ್ರಾಣ ಹೋಗಲಿಲ್ಲ, ಆದರೆ ಶೂಲದ ತುದಿ ಮೈಯಲ್ಲೇ ಉಳಿಯಿತು. ಆಮೇಲೆ ಅವರು ನೇರವಾಗಿ ಧರ್ಮದೇವತೆಯ ಹತ್ತಿರ ಹೋಗಿ, ನಾನು ಮಾಡಿದ ತಪ್ಪೇನು ಅಂತ ಕೇಳಿದರು. ಚಿಕ್ಕವನಿದ್ದಾಗ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆಯಲ್ಲ, ಅದರ ಫಲ ಅನ್ನುವ ಉತ್ತರ ಬಂತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಓದಿದರೂ ಮೈ ಜುಂ ಅನ್ನುತ್ತದೆ. ಮಾಂಡವ್ಯರು ತಲೆ ಬಾಗಿಸಿ ಒಪ್ಪಿಕೊಳ್ಳಲಿಲ್ಲ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಅಂತ ಧರ್ಮನನ್ನೇ ತರಾಟೆಗೆ ತೆಗೆದುಕೊಂಡರು. ನೀನು ಮನುಷ್ಯನಾಗಿ ಹುಟ್ಟು ಅಂತ ಶಾಪ ಕೊಟ್ಟರು. ಹಾಗೆ ಹುಟ್ಟಿದವನೇ ವಿದುರ. ಅಷ್ಟೇ ಅಲ್ಲ, 14 ವರ್ಷದ ತನಕ ಮಕ್ಕಳು ಮಾಡಿದ್ದು ಪಾಪವಾಗಬಾರದು ಅಂತ ಹೊಸ ಮಿತಿಯನ್ನೇ ಹಾಕಿದರು. ಕರ್ಮದ ಲೆಕ್ಕ ತಪ್ಪಿದೆ ಅಂತ ಒಬ್ಬ ಮನುಷ್ಯ ಧರ್ಮನ ಎದುರು ನಿಂತು ವಾದಿಸುತ್ತಾನೆ, ಗೆಲ್ಲುತ್ತಾನೆ. ಕಥೆ ಕಟ್ಟಿದವರು ಆತನ ಪರವಾಗಿದ್ದಾರೆ. ಮಗುವಿನ ಎದುರು ಕರ್ಮದ ಮಾತಾಡುವವರಿಗೆ ಈ ಕಥೆ ಗೊತ್ತಿರಬೇಕು.

ಬೌದ್ಧರ ಕಡೆ ಬನ್ನಿ. ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಅಲೆಮಾರಿ ಸನ್ಯಾಸಿ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅಂತ ಕೆಲವರು ಹೇಳುತ್ತಾರಲ್ಲ, ನಿಜವೇ? ಬುದ್ಧ ಒಪ್ಪುವುದಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಈ ಮೂರೂ ಸೇರಿ, ಋತು ಬದಲಾಗಿ, ಮೈಯನ್ನು ಸರಿಯಾಗಿ ನೋಡಿಕೊಳ್ಳದೆ, ಹೊರಗಿನ ಪೆಟ್ಟಿನಿಂದ ನೋವು ಬರುತ್ತದೆ ಅನ್ನುತ್ತಾನೆ. ಕರ್ಮದ ಫಲ ಆ ಪಟ್ಟಿಯಲ್ಲಿ ಎಂಟನೆಯದು. ಎಲ್ಲವೂ ಹಿಂದಿನದರಿಂದಲೇ ಅನ್ನುವವರು ತಮಗೆ ಗೊತ್ತಿರುವುದನ್ನು ಮೀರಿ ಮಾತಾಡುತ್ತಿದ್ದಾರೆ ಅಂತ ಸ್ಪಷ್ಟವಾಗಿ ಹೇಳುತ್ತಾನೆ.

ಗೀತೆಯ ನಾಲ್ಕನೇ ಅಧ್ಯಾಯದಲ್ಲಿ "ಗಹನಾ ಕರ್ಮಣೋ ಗತಿಃ" ಅಂತ ಇದೆ. ಕರ್ಮದ ದಾರಿ ಅಷ್ಟು ಗಹನವಾಗಿದ್ದರೆ, ಪಕ್ಕದ ಮನೆಯವರ ಮಗುವನ್ನು ಒಮ್ಮೆ ನೋಡಿ ಅದರ ಹಿಂದಿನ ಜನ್ಮ ಹೇಳುವ ಶಕ್ತಿ ನಮಗೆ ಎಲ್ಲಿಂದ ಬಂತು?

ಹೊಸಚಿಗುರು

ದೊಡ್ಡವರು ಬಹಳ ಓದಿದ್ದೀರಿ. ನನ್ನದು ಸರಳವಾದ ಅನುಭವ. ನನ್ನ ಮೇಲಿನ ಅಧಿಕಾರಿಯೊಬ್ಬರು ನಾನು ಮಾಡಿದ ಕೆಲಸವನ್ನೆಲ್ಲ ತಮ್ಮ ಹೆಸರಿನಲ್ಲಿ ತೋರಿಸಿಕೊಂಡರು. ಕೇಳಿದ್ದಕ್ಕೆ ನನ್ನನ್ನೇ ಬೇರೆ ಕಡೆ ಹಾಕಿದರು. ನಾನು ಜಗಳಕ್ಕೆ ಹೋಗಲಿಲ್ಲ. ಕರ್ಮ ನೋಡಿಕೊಳ್ಳುತ್ತದೆ ಅಂತ ಬಿಟ್ಟೆ. ಕೆಲವು ವರ್ಷದ ಮೇಲೆ ಅದೇ ಚಾಳಿಯಿಂದ ಅವರ ಕೆಲಸ ಹೋಯಿತು. ಮಾಡಿದ್ದುಣ್ಣೋ ಮಹರಾಯ. ಈ ನಂಬಿಕೆ ಇಲ್ಲದಿದ್ದರೆ ನಾನು ದ್ವೇಷದಲ್ಲೇ ಸುಟ್ಟುಹೋಗುತ್ತಿದ್ದೆ.

ನೇರನುಡಿ

ಹೊಸಚಿಗುರು, ನಿಮಗಾದ ಅನ್ಯಾಯಕ್ಕೆ ಬೇಸರವಿದೆ. ದ್ವೇಷ ಬಿಟ್ಟದ್ದು ದೊಡ್ಡ ವಿಷಯ. ಆದರೆ ಅದೇ ಚಾಳಿಯವರು ಎಷ್ಟು ಜನ ಬಡ್ತಿ ಪಡೆದು, ಸನ್ಮಾನ ಮಾಡಿಸಿಕೊಂಡು, ಸುಖವಾಗಿ ನಿವೃತ್ತರಾಗಿದ್ದಾರೆ? ಸಿಕ್ಕಿಬಿದ್ದವರ ಕಥೆ ನಮ್ಮ ನೆನಪಿನಲ್ಲಿ ಉಳಿಯುತ್ತದೆ, ಉಳಿದವರದು ಉಳಿಯುವುದಿಲ್ಲ. ಕರ್ಮ ನೋಡಿಕೊಳ್ಳುತ್ತದೆ ಅಂತ ಎಲ್ಲರೂ ಸುಮ್ಮನಾದರೆ ದೂರು ಕೊಡುವವರು ಯಾರು? ನಿಮ್ಮ ಜಾಗಕ್ಕೆ ಬಂದ ಮುಂದಿನವರಿಗೂ ಅವರು ಹಾಗೇ ಮಾಡಿರುತ್ತಾರೆ ಅಲ್ವಾ?

ಹೊಸಚಿಗುರು

ಮುಂದಿನವರ ಬಗ್ಗೆ ನೀವು ಹೇಳಿದ್ದು ಸರಿ ಸರ್. ಅದನ್ನು ನಾನು ಯೋಚಿಸಿರಲಿಲ್ಲ.

ತುಂಬೆಹೂ

ಇಲ್ಲಿ ಬರೆಯಬೇಕೋ ಬೇಡವೋ ಅಂತ ತುಂಬಾ ಹೊತ್ತು ಯೋಚಿಸಿದೆ. ಹಳೆಪುಟ ಅವರು ಹೇಳಿದ್ದೆಲ್ಲ ಚೆನ್ನಾಗಿದೆ. ನೇರನುಡಿ ಅವರ ಪ್ರಯೋಗವೂ ಅರ್ಥವಾಯಿತು. ಆದರೆ ನೀವಿಬ್ಬರೂ ಹೊರಗೆ ನಿಂತು ನೋಡುವವರ ಬಗ್ಗೆ ಮಾತಾಡುತ್ತಿದ್ದೀರಿ.

ನಾನು ನನ್ನ ಮಗನನ್ನು ಕಳೆದುಕೊಂಡವಳು. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಹೇಗೆ ಬರುತ್ತದೆ ಅಂತಲೂ ವಿವರಿಸಿದರು. ಅವರ ವಿವರಣೆಯಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಬೇಕಾಗಿದ್ದ ಉತ್ತರ ಅದರಲ್ಲಿ ಇರಲಿಲ್ಲ. ಇವನೇ ಏಕೆ? ಇಷ್ಟು ಬೇಗ ಏಕೆ? ಕೊನೆಗೆ ನನ್ನ ಕೈ ಹಿಡಿದದ್ದು ಋಣದ ಮಾತು. ಅವನಿಗೂ ನನಗೂ ಇಷ್ಟು ದಿನದ ಋಣ ಇತ್ತು, ಅದು ತೀರಿತು, ಅವನು ಹೊರಟ. ನಾನು ಅವನಿಗೆ ಕೊಡಬೇಕಾದದ್ದನ್ನು ಕೊಟ್ಟೆ, ಅವನು ನನಗೆ ಕೊಡಬೇಕಾದದ್ದನ್ನು ಕೊಟ್ಟ. ಅದಕ್ಕೆ ಪುರಾವೆ ಕೇಳಿದರೆ ನನ್ನ ಹತ್ತಿರ ಇಲ್ಲ. ಆದರೆ ಅದಿಲ್ಲದೆ ನಾನು ಹಾಸಿಗೆಯಿಂದ ಏಳುತ್ತಿರಲಿಲ್ಲ.

ಹಿಂದಿನ ಜನ್ಮದ ಮಾತೇ ಬೇಡ ಅಂತ ಒಂದೇ ಏಟಿಗೆ ತಳ್ಳಬೇಡಿ. ಅದನ್ನೇ ಹಿಡಿದುಕೊಂಡು ದಿನ ದೂಡುವವರೂ ಇದ್ದಾರೆ.

ಸಂಜೆಗಾಳಿ

ತುಂಬೆಹೂ ಅಕ್ಕ, ನೀವು ಬರೆದದ್ದು ನನಗೆ ಬಹಳ ದೊಡ್ಡ ಸಹಾಯ. ಒಂದು ಕೇಳಲಾ? ಆ ಋಣದ ಮಾತನ್ನು ನಿಮಗೆ ಬೇರೆಯವರು ಬಂದು ಹೇಳಿದ್ದರೆ?

ತುಂಬೆಹೂ

ಬೇರೆಯವರೂ ಬಂದು ಹೇಳಿದರು. ಆಗ ಅವರನ್ನು ಮನೆಯಿಂದ ಆಚೆ ಕಳಿಸಬೇಕು ಅನ್ನಿಸಿತು. ಅದೇ ಮಾತು ನನ್ನೊಳಗಿನಿಂದ ಬರಲು ತುಂಬಾ ಕಾಲ ಹಿಡಿಯಿತು. ಒಳಗಿನಿಂದ ಬಂದಾಗ ಮಾತ್ರ ಅದು ಸಮಾಧಾನ ಕೊಟ್ಟಿತು.

ಹಳೆಪುಟ

ತುಂಬೆಹೂ ಅಮ್ಮ, ನಿಮ್ಮ ಮಾತು ಓದಿದಾಗ ಅನುಶಾಸನಪರ್ವದ ಶುರುವಿನಲ್ಲಿ ಬರುವ ಗೌತಮಿ ನೆನಪಾದಳು. ಅವಳ ಮಗ ಹಾವು ಕಚ್ಚಿ ಸಾಯುತ್ತಾನೆ. ಬೇಡನೊಬ್ಬ ಹಾವನ್ನು ಕಟ್ಟಿ ತಂದು, ಹೇಗೆ ಕೊಲ್ಲಲಿ ಹೇಳು ಅನ್ನುತ್ತಾನೆ. ಅದನ್ನು ಕೊಂದರೆ ಮಗ ಬರುವುದಿಲ್ಲ, ಬಿಟ್ಟುಬಿಡು ಅನ್ನುತ್ತಾಳೆ ಅವಳು. ಹಾವು ತಾನಲ್ಲ, ಮೃತ್ಯು ಕಳಿಸಿದ ಅನ್ನುತ್ತದೆ. ಮೃತ್ಯು ಕಾಲನನ್ನು ತೋರಿಸುತ್ತಾನೆ. ಕಾಲ ಬಂದು ಅವರವರ ಕರ್ಮವೇ ಕಾರಣ ಅನ್ನುತ್ತಾನೆ. ಗೌತಮಿಯೂ ಅದನ್ನು ಒಪ್ಪಿ, ತನ್ನ ಕರ್ಮವೂ ಇದರಲ್ಲಿದೆ ಅನ್ನುತ್ತಾಳೆ. ಆ ಒಪ್ಪಿಗೆಯಿಂದ ಒಂದು ಜೀವ ಉಳಿಯುತ್ತದೆ. ಅವಳು ಆ ಮಾತನ್ನು ತನ್ನ ನೋವಿಗೆ ಹಚ್ಚಿಕೊಂಡಳು, ಇನ್ನೊಬ್ಬ ತಾಯಿಗೆ ಹೋಗಿ ಹೇಳಲಿಲ್ಲ.

ಮೂರನೇಬೆಂಚು

ಎಲ್ಲರೂ ಸಾವು, ಕಾಯಿಲೆಯ ಬಗ್ಗೆ ಬರೆಯುತ್ತಿದ್ದೀರಿ. ನಾನು ಹುಟ್ಟಿನ ಬಗ್ಗೆ ಬರೆಯಬೇಕು.

ನಮ್ಮ ಹಿಂದಿನ ತಲೆಮಾರಿನವರು ಕರ್ಮದ ಮಾತನ್ನು ಪ್ರವಚನದಲ್ಲಿ ಕೇಳಿದವರಲ್ಲ. ನೀರು ಕೇಳಿದಾಗ, ಕೂಲಿ ಕೇಳಿದಾಗ, ಒಳಗೆ ಬರಬಹುದೇ ಅಂತ ಕೇಳಿದಾಗ ಕೇಳಿಸಿಕೊಂಡರು. ನೀನು ಈ ಜಾತಿಯಲ್ಲಿ ಹುಟ್ಟಿದ್ದು ನಿನ್ನ ಕರ್ಮ, ತೆಪ್ಪಗಿರು. ಇದು ಯಾರೋ ಅಜ್ಞಾನಿಗಳು ಸೇರಿಸಿದ್ದು ಅಂತ ದಯವಿಟ್ಟು ಹೇಳಬೇಡಿ. ಛಾಂದೋಗ್ಯ ಉಪನಿಷತ್ತಿನ ಐದನೇ ಅಧ್ಯಾಯದಲ್ಲೇ ಇದೆ: ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರಾಗಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರಾಗಿ ಹುಟ್ಟುತ್ತಾರೆ ಅಂತ. ಮನುಷ್ಯರನ್ನು ಯಾವ ಸಾಲಿನಲ್ಲಿ ನಿಲ್ಲಿಸಿದ್ದಾರೆ ನೋಡಿ.

ಅಂಬೇಡ್ಕರ್ ಅವರ ಬುದ್ಧ ಮತ್ತು ಆತನ ಧಮ್ಮ ಎಂಬ ಕೃತಿ ಅವರು ತೀರಿಕೊಂಡ ಮೇಲೆ, 1957ರಲ್ಲಿ ಬಂತು. ಅದರಲ್ಲಿ ಅವರು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಹಿಂದಿನ ಜನ್ಮದ ಕರ್ಮ ಈ ಜನ್ಮದ ಸ್ಥಿತಿಯನ್ನು ತೀರ್ಮಾನಿಸುತ್ತದೆ ಅಂದರೆ ಬಡವರ, ತುಳಿತಕ್ಕೆ ಒಳಗಾದವರ ಬಗ್ಗೆ ಸಮಾಜಕ್ಕೆ ಹೊಣೆಯೇ ಉಳಿಯುವುದಿಲ್ಲ. ಆದರೆ ಅವರು ಕರ್ಮವನ್ನು ಪೂರ್ತಿ ಎಸೆಯಲಿಲ್ಲ, ಅದು ನನಗೆ ಮುಖ್ಯ. ಮನುಷ್ಯನ ಒಳ್ಳೆಯ ನಡೆಯಿಂದ ಲೋಕದ ನೈತಿಕ ವ್ಯವಸ್ಥೆ ನಿಲ್ಲುತ್ತದೆ, ಕೆಟ್ಟ ನಡೆಯಿಂದ ಕುಸಿಯುತ್ತದೆ ಅನ್ನುವ ಅರ್ಥದಲ್ಲಿ ಉಳಿಸಿಕೊಂಡರು.

ನನಗೂ ಅಷ್ಟೇ ಸಾಕು. ನಾನು ಮಾಡುವುದಕ್ಕೆ ನಾನು ಹೊಣೆ. ನಾನು ಎಲ್ಲಿ ಹುಟ್ಟಿದೆ ಅನ್ನುವುದಕ್ಕೆ ಅಲ್ಲ.

ಸಂಜೆಗಾಳಿ ಅವರೇ, ನಿಮ್ಮ ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎರಡನ್ನೂ ಸಲೀಸಾಗಿ ಬೇರೆ ಮಾಡಬಹುದು ಅಂತ ನೀವು ಅಂದುಕೊಂಡರೆ, ಅದು ಅಷ್ಟು ಸುಲಭವಲ್ಲ. ಸಾವಿರಾರು ವರ್ಷ ಎರಡನ್ನೂ ಒಟ್ಟಿಗೇ ಕಟ್ಟಿ ಕೊಟ್ಟಿದ್ದಾರೆ.

ಸಂಜೆಗಾಳಿ

ನೀವು ಹೇಳಿದ್ದನ್ನು ಎರಡು ಸಲ ಓದಿದೆ. ಸುಲಭವಲ್ಲ, ಒಪ್ಪಿದೆ. ಬೇರೆ ಮಾಡುವ ಕೆಲಸ ನಂಬುವ ನಮ್ಮ ಮೇಲೆಯೇ ಇದೆ. ನೀರು ಕೇಳಿ ಬಯ್ಯಿಸಿಕೊಂಡವರು ಅದನ್ನು ಮಾಡಬೇಕಾಗಿಲ್ಲ.

ನಿಧಾನನಡಿಗೆ

ನಾನು ಜೈನ ಮನೆಯಲ್ಲಿ ಬೆಳೆದವನು. ನಮ್ಮ ಕಡೆಯ ವಿಚಾರ ಸ್ವಲ್ಪ ಬೇರೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕರ್ಮ ಅಂದರೆ ಬರೀ ನಿಯಮ ಅಲ್ಲ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ವಸ್ತು, ಪುದ್ಗಲ. ಮನಸ್ಸು, ಮಾತು, ಮೈ ಕೆಲಸ ಮಾಡಿದಾಗ ಅದು ಆತ್ಮದ ಕಡೆ ಹರಿದು ಬರುತ್ತದೆ, ಅದು ಆಸ್ರವ. ಕ್ರೋಧ, ಮಾನ (ಅಂದರೆ ಅಹಂಕಾರ), ಮಾಯೆ (ಅಂದರೆ ಕಪಟ), ಲೋಭ ಈ ನಾಲ್ಕು ಕಷಾಯಗಳು, ಅಂದರೆ ಮನಸ್ಸಿನ ವಿಕಾರಗಳು ಇದ್ದರೆ ಅಂಟಿಕೊಳ್ಳುತ್ತದೆ, ಅದು ಬಂಧ. ಹೊಸದು ಬರದ ಹಾಗೆ ತಡೆಯುವುದು ಸಂವರ, ಅಂಟಿದ್ದನ್ನು ಕಳೆಯುವುದು ನಿರ್ಜರೆ. ಫಲ ಹಂಚಲು ದೇವರು ಬೇಕಿಲ್ಲ. ಯಾರನ್ನೂ ಬೇಡಿಕೊಂಡು ತಪ್ಪಿಸಿಕೊಳ್ಳಲೂ ಬರುವುದಿಲ್ಲ.

ಕಷಾಯ ಇಲ್ಲದಿದ್ದರೆ ಅದೇ ಕೆಲಸದ ಕರ್ಮ ಗಟ್ಟಿಯಾಗಿ ಅಂಟುವುದಿಲ್ಲ ಅನ್ನುವುದು ನನಗೆ ತುಂಬಾ ಬೇಕಾದ ಮಾತು. ಮಗನಿಗೆ ಬುದ್ಧಿ ಹೇಳುವಾಗ ನನ್ನ ಗಂಟಲಿನಲ್ಲಿ ಇರುವುದು ಅವನ ಮೇಲಿನ ಕಾಳಜಿಯಾ, ನನ್ನ ಮಾತು ಮೀರಿದ ಅನ್ನುವ ಅಭಿಮಾನವಾ? ಹೊರಗಿನವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ. ನನಗೆ ಮಾತ್ರ ಗೊತ್ತು. ದಿನದ ಕೊನೆಗೆ ಕೂತು ಪ್ರತಿಕ್ರಮಣ ಮಾಡುವಾಗ, ಅಂದರೆ ಆ ದಿನ ಆಡಿದ್ದು ಮಾಡಿದ್ದನ್ನೆಲ್ಲ ತಿರುಗಿ ನೋಡುವಾಗ, ನಾನು ಹುಡುಕುವುದು ಇದನ್ನೇ. ಆ ಹೊತ್ತಿನಲ್ಲಿ ಬೇರೆಯವರ ಕರ್ಮದ ಬಗ್ಗೆ ಯೋಚಿಸಲು ಜಾಗವೇ ಇರುವುದಿಲ್ಲ.

ರಾತ್ರಿಪಾಳಿ

ನಾನು ನರ್ಸ್. ಹೆಚ್ಚಾಗಿ ರಾತ್ರಿ ಪಾಳಿ. ಈ ಚರ್ಚೆಯಲ್ಲಿ ಬಂದಿರುವ ಪ್ರಶ್ನೆ ನಮಗೆ ಮಾಮೂಲು. ಬೆಳಗಿನ ಜಾವದಲ್ಲಿ ಎಚ್ಚರವಾದ ರೋಗಿಗಳು ಕೇಳುತ್ತಾರೆ: "ಸಿಸ್ಟರ್, ನಾನು ಏನು ಪಾಪ ಮಾಡಿದ್ದೆ?"

ನಾನು ಕಂಡುಕೊಂಡದ್ದು ಹೇಳುತ್ತೇನೆ. ಆ ಪ್ರಶ್ನೆಗೆ "ಪಾಪಗೀಪ ಏನಿಲ್ಲ, ಅದೆಲ್ಲ ಮೂಢನಂಬಿಕೆ" ಅಂತ ಉತ್ತರ ಕೊಟ್ಟರೆ ಅವರು ಗೋಡೆ ಕಡೆ ತಿರುಗಿ ಮಲಗುತ್ತಾರೆ. "ಎಲ್ಲಾ ಕರ್ಮ, ಏನು ಮಾಡೋದು" ಅಂದರೂ ಅಷ್ಟೇ. "ಏನು ಮಾಡಿದ್ದೀರಿ ಅಂತ ನಿಮಗೆ ಅನ್ನಿಸುತ್ತೆ?" ಅಂತ ಕೇಳಿದರೆ ಮಾತು ಶುರುವಾಗುತ್ತದೆ. ಹೆಚ್ಚಿನವರ ಮನಸ್ಸಿನಲ್ಲಿ ಹಿಂದಿನ ಜನ್ಮ ಇರುವುದೇ ಇಲ್ಲ. ತಮ್ಮನ ಜೊತೆ ಮಾತು ಬಿಟ್ಟದ್ದು, ತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಳ್ಳದೆ ಹೋದದ್ದು, ಹೆಂಡತಿಗೆ ಕೈ ಎತ್ತಿದ್ದು. ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳುತ್ತೇನೆ, ಹೇಳಲೇಬೇಕು. ಕಾಯಿಲೆ ಶಿಕ್ಷೆ ಅಂತ ನಂಬಿ ಔಷಧಿ ಬೇಡ ಅಂದವರನ್ನು ನೋಡಿದ್ದೇನೆ. ಆದರೆ ತಮ್ಮನಿಗೆ ಫೋನ್ ಮಾಡಬೇಕು ಅನ್ನಿಸಿದರೆ ಮಾಡಿ ಅಂತಲೂ ಹೇಳುತ್ತೇನೆ. ಎಷ್ಟೋ ಸಲ ನಾನೇ ನಂಬರ್ ಒತ್ತಿ ಕೊಟ್ಟಿದ್ದೇನೆ.

ಸಂಜೆಗಾಳಿ, ನಿಮ್ಮ ಗೆಳತಿಗೆ ಒಂದು ಮಾತು. ಅಂಥ ಮಕ್ಕಳ ತಾಯಂದಿರಿಗೆ ನೋವಿಗಿಂತ ಮೊದಲು ಬರುವುದು ದಣಿವು. ಕರ್ಮದ ಪ್ರಶ್ನೆಗೆ ಉತ್ತರ ಕೊಡಿ, ಜೊತೆಗೆ ಅವಳು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು ಅಂತಲೂ ಕೇಳಿ.

ನೇರನುಡಿ

ರಾತ್ರಿಪಾಳಿ ಅವರ ಬರಹ ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದು.

ಸಂಜೆಗಾಳಿ ಅವರಿಗೆ ನನ್ನದೊಂದು ಪ್ರಶ್ನೆ ಉಳಿದಿದೆ. ಹಿಂದಿನ ಜನ್ಮದ ಮಾತು ಬಿಟ್ಟಿರಿ. ಬೇರೆಯವರ ಕಷ್ಟಕ್ಕೆ ಕಾರಣ ಹೇಳುವುದನ್ನು ಬಿಟ್ಟಿರಿ. ಕೆಟ್ಟವರಿಗೆ ಕೆಟ್ಟದ್ದೇ ಆಗುತ್ತದೆ ಅನ್ನುವ ಖಾತರಿಯೂ ಇಲ್ಲ. ಉಳಿದದ್ದು ಒಳ್ಳೆಯ ಅಭ್ಯಾಸ, ಜವಾಬ್ದಾರಿ. ಅದು ನನಗೂ ಇದೆ. ಮತ್ತೆ ನೀವು ಕರ್ಮವನ್ನು ನಂಬುತ್ತೀರಿ, ನಾನು ನಂಬುವುದಿಲ್ಲ ಅನ್ನುವುದರಲ್ಲಿ ವ್ಯತ್ಯಾಸ ಏನು?

ಸಂಜೆಗಾಳಿ

ಇದಕ್ಕೆ ಉತ್ತರ ಬರೆಯಲು ಹೊತ್ತು ಬೇಕಾಯಿತು. ವ್ಯತ್ಯಾಸ ಇದೆ ಅಂತಲೇ ನನಗೆ ಅನ್ನಿಸುತ್ತದೆ.

ವನಪರ್ವದಲ್ಲಿ ದ್ರೌಪದಿ ಯುಧಿಷ್ಠಿರನನ್ನು ಕೇಳುತ್ತಾಳೆ: ಧರ್ಮ ಬಿಡದೆ ನಡೆದ ನೀನು ಕಾಡಿನಲ್ಲಿದ್ದೀಯ, ಅಧರ್ಮ ಮಾಡಿದ ದುರ್ಯೋಧನ ಸುಖದಲ್ಲಿದ್ದಾನೆ, ಇದೇನು ನ್ಯಾಯ? ನಾನು ಫಲಕ್ಕಾಗಿ ಧರ್ಮ ಮಾಡುವವನಲ್ಲ ಅನ್ನುತ್ತಾನೆ ಯುಧಿಷ್ಠಿರ. ಧರ್ಮವನ್ನು ವ್ಯಾಪಾರ ಮಾಡುವವನನ್ನು ಕೀಳು ಅನ್ನುತ್ತಾನೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಧರ್ಮ ವ್ಯರ್ಥವಾಗುವುದಿಲ್ಲ ಅಂತಲೂ ಹೇಳುತ್ತಾನೆ. ನಾನು ಹಿಡಿದುಕೊಂಡಿರುವುದು ಈ ಎರಡನೆಯ ಮಾತನ್ನು. ಯಾರ ಕಣ್ಣಿಗೂ ಬೀಳದೆ, ಯಾವ ಲಾಭವೂ ಇಲ್ಲದೆ ಮಾಡಿದ ಒಳ್ಳೆಯ ಕೆಲಸ ಎಲ್ಲೋ ಲೆಕ್ಕಕ್ಕೆ ಬರುತ್ತದೆ. ನನ್ನಲ್ಲಿಯೋ, ಇನ್ನೊಬ್ಬರಲ್ಲಿಯೋ, ನಾನು ನೋಡದ ಕಾಲದಲ್ಲಿಯೋ. ಅದನ್ನು ಸಾಧಿಸಿ ತೋರಿಸಲು ನನಗೆ ಆಗುವುದಿಲ್ಲ. ನಿಮಗೆ ಅದರ ಅಗತ್ಯ ಇಲ್ಲದೆಯೂ ನಡೆಯುತ್ತದೆ ಅಂದರೆ ನಿಮ್ಮ ಮೇಲೆ ನನಗೆ ಗೌರವ ಜಾಸ್ತಿಯಾಗುತ್ತದೆ. ನನಗೆ ಅದು ಬೇಕು.

ಗೆಳತಿಯ ಹತ್ತಿರ ಮಾತಾಡಿದೆ. ಇಲ್ಲ, ನನಗೆ ಹಾಗೆ ಅನ್ನಿಸುವುದಿಲ್ಲ, ನಿನ್ನ ಮಗು ಯಾವ ತಪ್ಪನ್ನೂ ತೀರಿಸುತ್ತಿಲ್ಲ ಅಂದೆ. ಮಾಂಡವ್ಯರ ಕಥೆಯನ್ನೂ ಹೇಳಿದೆ. 14 ವರ್ಷದ ಮಾತು ಬಂದಾಗ ಅವಳು ನಕ್ಕಳು, ಆಮೇಲೆ ಅತ್ತಳು. ಆ ಕಥೆಯನ್ನು ಆ ಸಂಬಂಧಿಕರಿಗೆ ತಾನೇ ಹೇಳುತ್ತೇನೆ ಅಂದಿದ್ದಾಳೆ. ರಾತ್ರಿಪಾಳಿ ಅವರು ಹೇಳಿದ ಹಾಗೆ ನಿದ್ದೆಯ ಬಗ್ಗೆಯೂ ಕೇಳಿದೆ. ಶನಿವಾರ ರಾತ್ರಿಗಳಲ್ಲಿ ಮಗುವಿನ ಜೊತೆ ನಾನಿರುತ್ತೇನೆ. ರಾತ್ರಿಯಲ್ಲಿ ಮಗುವನ್ನು ಮಗ್ಗುಲು ಬದಲಿಸುವಾಗ ಕಾಲನ್ನು ಹೇಗೆ ಹಿಡಿಯಬೇಕು ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ಸಿಸ್ಟರ್, ಬಿಡುವಾದಾಗ ಸ್ವಲ್ಪ ಬರೆದು ತಿಳಿಸುತ್ತೀರಾ?

ರಾತ್ರಿಪಾಳಿ

ಖಂಡಿತ. ಆದರೆ ಮೊದಲು ಅವಳು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ. ಮಗುವಿನ ಮೈ ಅವಳಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಹೆಗಲಿನ ಹಿಂದೆ, ಎಳೆಯಬೇಡಿ, ಮೈಯನ್ನು ಒಟ್ಟಾಗಿ ಹೊರಳಿಸಿ. ಮಂಡಿಗಳ ನಡುವೆ ಒಂದು ದಿಂಬು ಇಡಿ. ಅವರ ಫಿಸಿಯೋಥೆರಪಿಸ್ಟ್ ಹತ್ತಿರ ಮುಂದಿನ ಸಲ ಹೋಗುವಾಗ ನೀವೂ ಜೊತೆಗೆ ಹೋಗಿ, ಅವರು ಕೈ ಹಿಡಿದು ತೋರಿಸುತ್ತಾರೆ.